ಶಾಲೆಗೆ ಕೊಟ್ಟದ್ದು ಯಾರ ಸೊತ್ತು?

ವಿದ್ಯೆಗಾಗಿ ಕೊಡುವುದನ್ನು ಕನ್ನಡ ನಾಡಿನ ಮತಗಳೆಲ್ಲ ಪುಣ್ಯವೆಂದೇ ಎಣಿಸಿವೆ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವೂ ಇದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದ್ದು ಆ ಶ್ರದ್ಧೆಯಿಂದಲೇ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಸಿಕ್ಕ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಉಪಾಧ್ಯಾಯರನ್ನು, ವಿದ್ಯಾರ್ಥಿಗಳನ್ನು ಮಾತ್ರವಲ್ಲ, ಗ್ರಂಥಭಂಡಾರ ನೋಡಿಕೊಳ್ಳುವವರನ್ನೂ ನೆನೆದಿದೆ. ಇಂಥ ವಿದ್ಯಾಕೇಂದ್ರಗಳಿಗೆ ದತ್ತಿಯಾಗಿ ಬರುತ್ತಿದ್ದುದು ಸಾಮಾನ್ಯವಾಗಿ ಭೂಮಿ. ವರ್ಷವರ್ಷವೂ ಬೆಳೆ ಬಂದಂತೆ ಪಾಠವೂ ನಡೆಯುತ್ತಿತ್ತು. ಆದರೆ ಘಟಿಕೆ, ಅಗ್ರಹಾರಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಯಾರು ಕಲಿಯಬೇಕು ಎಂಬ ತೀರ್ಮಾನ ಕಲಿಯುವವರ ಕೈಯಲ್ಲಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ದಾನದ ಬುಡವನ್ನೇ ಅಲುಗಿಸಿದರು. ದಾಸೋಹದ ತತ್ತ್ವದಲ್ಲಿ ಸಂಪತ್ತು ಕೊಡುವವನದಲ್ಲ. ಶಿವನದನ್ನು ಜಂಗಮಕ್ಕೆ, ಎಂದರೆ ಸಮಾಜಕ್ಕೆ, ಒಪ್ಪಿಸುವುದಷ್ಟೇ ಅವನ ಕೆಲಸ. ಆದ್ದರಿಂದ ಕೊಟ್ಟೆನೆಂಬ ಹಮ್ಮಿಗೆ ಅಲ್ಲಿ ನೆಲೆಯಿಲ್ಲ, ಪಡೆದವನ ತಲೆಯ ಮೇಲೆ ಋಣವೂ ಇಲ್ಲ. ಮರಳಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದೇ ಸಾತ್ತ್ವಿಕ ದಾನವೆನ್ನುವ ಗೀತೆ ಈ ವಿಚಾರದ ಹತ್ತಿರ ಬರುತ್ತದೆ. ಆದರೂ ಅಲ್ಲಿ ಪಾತ್ರಾಪಾತ್ರದ ಎಣಿಕೆ ಉಳಿದೇ ಇದೆ. ಹಳೆ ಮೈಸೂರು ಸೀಮೆಯಲ್ಲಿ ದಾಸೋಹದ ಪರಂಪರೆ ಶಾಲೆಯ ರೂಪ ಪಡೆದದ್ದಕ್ಕೆ ದೊಡ್ಡ ನಿದರ್ಶನ, 1954ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಕಟ್ಟಿದ ಜೆಎಸ್‌ಎಸ್ ಮಹಾವಿದ್ಯಾಪೀಠ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂಥ ಹೋಬಳಿಯಲ್ಲಿ ಇದು ಬರಿಯ ತತ್ತ್ವಚರ್ಚೆಯಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದ್ದಾಗ ಈ ಜಿಲ್ಲೆಯದು ಶೇ. 61ರ ಆಸುಪಾಸಿನಲ್ಲಿತ್ತು. ಇಂಥ ಕಡೆ ಸರ್ಕಾರಿ ಶಾಲೆಗೆ ಹೊರಗಿನ ನೆರವು ಬೇಕೇ ಬೇಕು. ಹಳೆಯ ವಿದ್ಯಾರ್ಥಿಗಳು, ಊರಿನ ದಾನಿಗಳು, ಪ್ರತಿಷ್ಠಾನಗಳು ಕೊಡುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಊಟದ ತಟ್ಟೆ, ಫ್ಯಾನು, ಬೀರುಗಳ ಮೇಲೆ ದಾನಿಯ ಹೆಸರು ಬರೆಯಿಸುವ ರೂಢಿ ನಾಡಿನ ಎಲ್ಲೆಡೆ ಇದೆ. ಕೃತಜ್ಞತೆ ತಪ್ಪಲ್ಲ. ಆದರೆ ಮಗು ದಿನವೂ ಇನ್ನೊಬ್ಬರ ಹೆಸರಿನ ಮೇಲೆ ಅನ್ನ ಬಡಿಸಿಕೊಳ್ಳುವುದು ದಾಸೋಹಕ್ಕೆ ಒಗ್ಗುವುದಿಲ್ಲ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಸಂವಿಧಾನದ 21ಎ ವಿಧಿ ಮತ್ತು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಶಾಲೆ ಹಕ್ಕು. ಹಕ್ಕಾಗಿರುವುದನ್ನು ದಾನವೆಂದು ಕೊಟ್ಟರೆ ಹಕ್ಕೇ ಮಸುಕಾಗುತ್ತದೆ. ದಾನಿ ಮನಸ್ಸು ಬದಲಿಸಿದ ದಿನ ಮಗು ಯಾರನ್ನು ಕೇಳಬೇಕು? ಗೋಡೆ, ಮೇಷ್ಟರು, ಶೌಚಾಲಯ ಸರ್ಕಾರದ ಹೊಣೆ. ದಾನದ ಹಣ ಹೋಗಬೇಕಾದದ್ದು ಅದರಾಚೆಗೆ: ಸಂಜೆ ತೆರೆದಿರುವ ವಾಚನಾಲಯಕ್ಕೆ, ಓದು ಬಾರದ ತಾಯಂದಿರ ತರಗತಿಗೆ, ಸರ್ಕಾರ ಇನ್ನೂ ಮುಟ್ಟದ ಮಕ್ಕಳ ಬಳಿಗೆ.

ಈ ಕೊನೆಯ ಮಾತಿಗೆ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸಾಕ್ಷಿ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ವೈದ್ಯಸೇವೆಯ ಜೊತೆಗೆ ಆ ಕಾಡಿನ ಬುಡಕಟ್ಟಿನವರಾದ ಸೋಲಿಗರ ಮಕ್ಕಳಿಗೆ ಶಾಲೆ, ವಸತಿಗಳನ್ನು ಕಟ್ಟಿತು. ಸರ್ಕಾರದ ಅನುದಾನವೂ ದಾನಿಗಳ ಹಣವೂ ಅದಕ್ಕೆ ಬಂದಿವೆ. ಅಲ್ಲಿ ಓದಿದ ತಲೆಮಾರಿನವರು ತಮ್ಮ ಸಂಘಗಳಲ್ಲಿ ಮುಂದೆ ನಿಂತರು. ತಮ್ಮ ಪೂಜಾಸ್ಥಳಗಳು, ಯೆಲ್ಲೆಗಳು (ಕುಲಗಳ ಸೀಮೆಗಳು) ಕಾಡಿನಲ್ಲಿ ಎಲ್ಲಿವೆಯೆಂದು ಸೋಲಿಗರು ಸಂಶೋಧಕರ ಜೊತೆಗೂಡಿ ನಕ್ಷೆ ಮಾಡಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮನ್ನಣೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗಾದದ್ದು ದೇಶದಲ್ಲೇ ಮೊದಲು. ಅಕ್ಷರ ಕಲಿತವರು ಕೊಟ್ಟವರ ಸ್ತುತಿಪಾಠಕರಾಗಲಿಲ್ಲ, ತಮ್ಮ ಪರವಾಗಿ ತಾವೇ ಮಾತಾಡಿದರು.

ಹಾಗಾಗಿ ಶಾಲೆಗೆ ಕೊಡುವ ಹಣವನ್ನು ಯಾವುದಕ್ಕೆ ಬಳಸಬೇಕೆಂದು ಮೊದಲು ಹೇಳಬೇಕಾದವರು ಆ ಊರಿನ ತಾಯಿತಂದೆಯರು. ಅವರು ಸೇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಪ್ರತಿ ಸರ್ಕಾರಿ ಶಾಲೆಯಲ್ಲೂ ಇದೆ. ಕೊಡುವವರು ಮೊದಲು ಅಲ್ಲಿಗೆ ಹೋಗಿ ಕೇಳಲಿ.