ಹನ್ನೊಂದನೆಯವನ ಶ್ರದ್ಧೆ

೧೯೯೫ರ ಸೆಪ್ಟೆಂಬರ್ ೨೧ರ ಗುರುವಾರ, ದೆಹಲಿಯಲ್ಲಿ ಗಣೇಶನ ವಿಗ್ರಹವು ಹಾಲು ಕುಡಿಯಿತೆಂಬ ವಾರ್ತೆಯು ದೂರವಾಣಿಯ ಮೂಲಕ ಹೊತ್ತೇರುವಷ್ಟರಲ್ಲಿ ದೇಶವನ್ನೆಲ್ಲ ವ್ಯಾಪಿಸಿ, ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಗುಡಿಗಳ ಮುಂದೆಯೂ ಚೊಂಬು ಚಮಚಗಳನ್ನು ಹಿಡಿದ ಜನರ ಸಾಲನ್ನು ತಂದು ನಿಲ್ಲಿಸಿತು. ಚಮಚದ ಅಂಚು ಸೊಂಡಿಲಿಗೆ ತಾಗಿದಾಗ ಮೇಲ್ಮೈ ಎಳೆತದಿಂದ ಹಾಲು ಶಿಲೆಗೆ ಹತ್ತಿ, ತೆಳ್ಳನೆಯ ಪೊರೆಯಾಗಿ ಕೆಳಗಿಳಿಯುವುದೆಂಬುದನ್ನು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿಕೊಟ್ಟರು; ಆ ವಿಷಯವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ನನ್ನ ಚಿತ್ತದಲ್ಲಿ ನಿಂತಿರುವುದು ರಾಜಾಜಿನಗರದ ಪುಟ್ಟ ಗುಡಿಯೊಂದರಲ್ಲಿ ಸರದಿ ಬಂದು ವಿಗ್ರಹದ ಮುಂದೆ ನಿಂತ ಓರ್ವ ವೃದ್ಧೆಯ ಮುಖ. ಆಕೆಯ ಚಮಚದ ಹಾಲು ಕದಲಲಿಲ್ಲ. "ಭಕ್ತಿಯಿಂದ ಹಿಡಿಯಮ್ಮ" ಎಂದು ಹಿಂದಿನಿಂದ ಯಾರೋ ಕೂಗಿದರು. ಆಕೆಯ ಮುಖ ಬಿಳಿಚಿಕೊಂಡಿತು, ಕೈ ನಡುಗಿತು, ಹಾಲು ವಿಗ್ರಹದ ಎದೆಯ ಮೇಲೆ ಹರಿದು ಪೀಠದ ಕಾಲುವೆ ಸೇರಿತು. "ಕುಡಿದ, ಕುಡಿದ" ಎಂದು ಸುತ್ತಲಿನವರು ಉದ್ಗರಿಸಲು, ಆಕೆಯೂ ಹಾಗೆಯೇ ಹೇಳುತ್ತ ಹೊರಬಂದಳು.

ಆಕೆ ಸುಳ್ಳಾಡಿದಳೆಂದು ನಾನು ಹೇಳಲಾರೆ. ಸ್ವಾಮಿ ಎಲ್ಲರ ಕೈಯಿಂದ ಸ್ವೀಕರಿಸಿ ತನ್ನೊಬ್ಬಳ ಕೈಯಿಂದ ಸ್ವೀಕರಿಸದಿದ್ದರೆ ತಾನೆಂತಹ ಪಾಪಿಯೋ ಎಂಬ ಭಯವು, ಕಣ್ಣು ಕಂಡುದನ್ನು ನಾಲಗೆಗೆ ಬರಗೊಡಲಿಲ್ಲ. ಹತ್ತರ ಜೊತೆ ಹನ್ನೊಂದು ಎಂಬ ನಮ್ಮ ಮಾತು ಸಾಮಾನ್ಯವಾಗಿ ನಿರುಪದ್ರವಿಯಾದುದೇ. ಆದರೆ ಹನ್ನೊಂದನೆಯವನ ಅನುಸರಣೆಯನ್ನು ಭಕ್ತಿಯೆಂದು ಕರೆಯಬಹುದೆ ಎಂಬ ಪ್ರಶ್ನೆ ಧರ್ಮಜಿಜ್ಞಾಸೆಯ ಮರ್ಮಸ್ಥಾನಕ್ಕೆ ಸೇರಿದುದು. ದೈವದ ಹಂಗೇ ಇಲ್ಲದ ವಿಷಯದಲ್ಲಿಯೂ ಮನುಷ್ಯನು ಹೀಗೆ ಬಾಗುವನು. ೧೯೫೧ರಲ್ಲಿ ಪ್ರಕಟವಾದ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನ ಪ್ರಯೋಗದಲ್ಲಿ, ಮೂರು ಗೆರೆಗಳಲ್ಲಿ ಯಾವುದು ನಾಲ್ಕನೆಯದಕ್ಕೆ ಸಮವೆಂಬ ಮಕ್ಕಳೂ ಹೇಳಬಹುದಾದ ಪ್ರಶ್ನೆಗೆ, ಮೊದಲೇ ಮಾತಾಡಿಕೊಂಡಿದ್ದ ಜನರು ಒಕ್ಕೊರಲಿನಿಂದ ತಪ್ಪುತ್ತರವನ್ನು ಕೊಟ್ಟಾಗ, ಏನೂ ಅರಿಯದ ಒಬ್ಬನು ಮೂರರಲ್ಲಿ ಒಂದು ಸಲದಷ್ಟು ಅವರನ್ನೇ ಅನುಸರಿಸಿದನು.

ಶಾಸ್ತ್ರವು ವಿಧೇಯತೆಯನ್ನೇ ಶ್ರದ್ಧೆಯೆನ್ನುತ್ತದೆಂದು ವಾದಿಸುವವರು ಕಠೋಪನಿಷತ್ತಿನ ಆರಂಭವನ್ನು ಇನ್ನೊಮ್ಮೆ ನೋಡಬೇಕು. ತಂದೆಯು ಕೆಚ್ಚಲು ಬತ್ತಿದ ಮುದಿ ಗೋವುಗಳನ್ನು ಯಜ್ಞದಲ್ಲಿ ದಾನಕ್ಕೆ ಹೊಡೆಯುತ್ತಿದ್ದಾಗ, ಋತ್ವಿಜರ ಆ ಮಹಾಸಭೆಯಲ್ಲಿ ಯಾರೂ ತುಟಿ ಬಿಚ್ಚಿದಂತಿಲ್ಲ. ಶ್ರದ್ಧೆಯು ಹೊಕ್ಕದ್ದು ಬಾಲಕ ನಚಿಕೇತನನ್ನು, ಹೊಕ್ಕೊಡನೆ ಅದು ಮಾಡಿದ ಕೆಲಸವೆಂದರೆ ತಂದೆಯನ್ನು ಪ್ರಶ್ನಿಸುವಂತೆ ಮಾಡಿದುದು. ಒಮ್ಮೆಯಲ್ಲ, ಮೂರು ಬಾರಿ ಕೇಳಿದನು. ಗೀತೆಯ ಕೊನೆಯಲ್ಲಿ ಕೃಷ್ಣನೂ ಇಷ್ಟೆಲ್ಲ ಉಪದೇಶಿಸಿದ ಮೇಲೆ ಅರ್ಜುನನಿಗೆ, ಚೆನ್ನಾಗಿ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದೇ ಹೇಳುತ್ತಾನೆ.

ಹಾಗೆಂದು ಸಮುದಾಯವನ್ನೇ ಹಳಿಯುವುದು ನನಗೆ ಸಮ್ಮತವಲ್ಲ. ಸಜ್ಜನರ ಸಂಗದಲ್ಲಿ ದುರ್ಬಲನೂ ಸತ್ಕರ್ಮಕ್ಕೆ ಎಳೆಯಲ್ಪಡುವುದು ಇದೇ ಶಕ್ತಿಯಿಂದ. ವಿವೇಕವಿರಬೇಕಾದುದು ಸಂಗದ ಸ್ವರೂಪದಲ್ಲಿ. ನಮ್ಮ ಬಸವೇಶ್ವರನಗರಕ್ಕೆ ಹೆಸರಾಗಿರುವ ಮಹನೀಯನು ಕೂಡಿಸಿದ ಕಲ್ಯಾಣದ ಶರಣಸಂಗವನ್ನೇ ನೋಡಿ: ಉಡುತಡಿಯಿಂದ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ತುಂಬಿದ ಸಭೆಯಲ್ಲಿ ನಿಷ್ಠುರವಾಗಿ ಪರೀಕ್ಷಿಸಿದುದನ್ನೂ, ಆಕೆ ತಗ್ಗದೆ ಉತ್ತರಿಸಿದುದನ್ನೂ, ಹಿರಿಯರೆಲ್ಲ ಆಕೆಗೆ ತಲೆಬಾಗಿದುದನ್ನೂ ಶೂನ್ಯಸಂಪಾದನೆ ಹೆಮ್ಮೆಯಿಂದ ನಿರೂಪಿಸುತ್ತದೆ. ಅಲ್ಲಿ ಕೇಳುವುದು ಅಪರಾಧವಾಗಿರಲಿಲ್ಲ. ಕೇಳಿಸಿಕೊಳ್ಳುವುದು ಅವಮಾನವೂ ಆಗಿರಲಿಲ್ಲ.

ಅಂತಹ ಸಭೆ ಇಲ್ಲದ ಕಡೆ ಕೇಳುವವನ ಗತಿಯೇನೆಂಬುದಕ್ಕೆ ದೃಷ್ಟಾಂತ ನಮ್ಮ ಕೆಂಗೇರಿಯ ಸಮೀಪದಲ್ಲಿಯೇ ಇದೆ. ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ, ಪ್ರಶ್ನೆ ಕೇಳುವುದೇ ಅಪಾಯಕರವಾಗಿದ್ದ ತುರ್ತುಪರಿಸ್ಥಿತಿಯ ದಿನಗಳಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಬೇಕೆಂದು ಪತ್ರ ಬರೆದರು. ಒಪ್ಪಿಗೆ ದೊರೆಯಲಿಲ್ಲ, ವಾಗ್ವಾದ ಮಾತ್ರ ದೇಶಾದ್ಯಂತ ಹಬ್ಬಿತು. ಖಾದಿಯುಟ್ಟು, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಬದುಕಿದ ಆ ಬ್ರಹ್ಮಚಾರಿಯ ವೈರಾಗ್ಯವು ಯಾವ ಆಸ್ತಿಕನಿಗೂ ಆದರ್ಶವಾಗಬಹುದಾದುದು. ಅವರ ನಾಸ್ತಿಕ್ಯವನ್ನು ಒಪ್ಪದ ನಾನು ಅವರ ಪ್ರಶ್ನೆಯನ್ನು ಧಾರ್ಮಿಕವಾದುದೆಂದೇ ಎಣಿಸುತ್ತೇನೆ: ಪರೀಕ್ಷೆಗೆ ಹೆದರುವ ನಂಬಿಕೆಯು ತಾನು ನಂಬಿದ ದೇವರನ್ನೇ ಕಿರಿದುಮಾಡುತ್ತದೆ. ನನ್ನ ದುಃಖವೆಂದರೆ, ಆ ಪ್ರಶ್ನೆಯನ್ನು ಭಕ್ತರಾದ ನಾವೇ ಮೊದಲು ಕೇಳಬೇಕಾಗಿತ್ತು.

ಮೊದಲು ಕೇಳುವ ಧೈರ್ಯ ಎಲ್ಲರಿಗೂ ದಕ್ಕದು. ಎರಡನೆಯವನಾಗಿ ನಿಲ್ಲುವುದು ಅಷ್ಟು ಕಠಿಣವಲ್ಲ, ಅದರ ಫಲವಾದರೋ ಅಪಾರ. ಆಶ್‌ನ ಪ್ರಯೋಗದಲ್ಲಿ ಒಬ್ಬನೇ ಒಬ್ಬನು ನಿಜವನ್ನು ನುಡಿದರೆ ಸಾಕು, ಇನ್ನೊಬ್ಬನು ಬಾಗುವುದು ಬಹಳ ಮಟ್ಟಿಗೆ ನಿಂತುಹೋಗುತ್ತಿತ್ತು. ೧೯೬೧ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪರೀಕ್ಷೆಗಳಲ್ಲಿ, ಅಧಿಕಾರಿಯ ಮಾತಿಗೆ ಕಟ್ಟುಬಿದ್ದು, ಗೋಡೆಯಾಚೆ ಕಿರುಚುವವನಿಗೆ ತಾವು ನಿಜವಾಗಿಯೂ ವಿದ್ಯುತ್ತಿನ ಆಘಾತ ಕೊಡುತ್ತಿದ್ದೇವೆಂದೇ ನಂಬಿ, ಅದನ್ನು ೪೫೦ ವೋಲ್ಟಿನ ಕಡೆಯ ಗುಂಡಿಯವರೆಗೂ ಏರಿಸಿದವರು ೪೦ ಜನರಲ್ಲಿ ೨೬ ಮಂದಿ. ಪಕ್ಕದಲ್ಲಿ ಕುಳಿತಿದ್ದ ಇಬ್ಬರು ತಮ್ಮಿಂದಾಗದೆಂದು ಕೈಬಿಟ್ಟುದನ್ನು ಕಂಡ ಬೇರೆ ೪೦ ಜನರಲ್ಲಿ ಆ ಗುಂಡಿಯನ್ನು ಮುಟ್ಟಿದವರು ನಾಲ್ವರು ಮಾತ್ರ.