ವಾದ್ಯವಿಲ್ಲದ ಆರು ದಿನಗಳು



ಭಾನುವಾರದ ಬಲಿಪೂಜೆ ಮುಗಿಯುತ್ತದೆ. ಗಾನವೃಂದದವರು ಹಾಡಿನ ಪುಸ್ತಕಗಳನ್ನು ಜೋಡಿಸಿಡುತ್ತಾರೆ. ಕೀಬೋರ್ಡಿಗೆ ಬಟ್ಟೆ ಹೊದಿಸಿ, ಒಳಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ. ಅದನ್ನು ನುಡಿಸಿದ ಹುಡುಗಿ ಬಸ್ಸು ಹತ್ತಿ ಊರಿಗೆ ಹೋಗುತ್ತಾಳೆ. ಇನ್ನು ಅವಳ ಬೆರಳು ಆ ವಾದ್ಯವನ್ನು ಮುಟ್ಟುವುದು ಮುಂದಿನ ಭಾನುವಾರವೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಇದೇನೂ ಅಪರೂಪದ ಸಂಗತಿಯಲ್ಲ.

"ಮನೆಯಲ್ಲಿ ಕೀಬೋರ್ಡಿಲ್ಲ, ಕೊಳ್ಳುವ ಶಕ್ತಿ ನಮಗಿಲ್ಲ. ವಾರಕ್ಕೊಮ್ಮೆ ಮುಟ್ಟಿದರೆ ಮಗು ಏನು ಕಲಿತೀತು ಫಾದರ್? ಬಿಡಿಸಿಬಿಡೋಣವೇ?" ಎಂದು ಕೇಳುವ ತಾಯ್ತಂದೆಯರಿದ್ದಾರೆ. ದಯವಿಟ್ಟು ಬಿಡಿಸಬೇಡಿ. ವಾದ್ಯವಿಲ್ಲದ ಆ ಆರು ದಿನಗಳಲ್ಲೂ ಕಲಿಯುವ ದಾರಿಯಿದೆ.

ಪಿಯಾನೊ ನಮ್ಮ ಹಳ್ಳಿಗಳಿಗೆ ಎಂದೂ ದೂರದ ವಸ್ತುವೇ. ಹಳೆಯ ಮೈಸೂರು ಸೀಮೆಯಲ್ಲಿ ಅದರ ಹೆಸರು ಕೇಳಿದರೆ ಅರಮನೆ ನೆನಪಾಗುತ್ತಿತ್ತು. ಮಹಾರಾಜ ಜಯಚಾಮರಾಜ ಒಡೆಯರ್ ಅವರು ಪಿಯಾನೊ ಕಲಿತು, 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದವರು. ನಮ್ಮ ದೇವಾಲಯಗಳಿಗೆ ಬಂದದ್ದು ಮೊದಲು ಹಾರ್ಮೋನಿಯಂ, ಆಮೇಲೆ 88 ಕೀಗಳ ಪಿಯಾನೊದ ಚಿಕ್ಕ ತಮ್ಮನಂತಿರುವ 61 ಕೀಗಳ ಕೀಬೋರ್ಡ್. ಅದಕ್ಕೆ ಧರ್ಮಸಭೆಯ ಒಪ್ಪಿಗೆಯೂ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ದಸ್ತಾವೇಜು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಆರಾಧನೆಗೆ ಯೋಗ್ಯವಾದ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು.

ಇನ್ನು ವಾದ್ಯವಿಲ್ಲದೆ ಕಲಿಯುವ ಮಾತು. 1995ರಲ್ಲಿ ಅಲ್ವಾರೊ ಪಾಸ್ಕುವಲ್-ಲಿಯೋನ್ ಎಂಬ ನರವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಪಿಯಾನೊ ಬಾರದ ಜನರಿಗೆ ಐದು ಬೆರಳಿನ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಕೀಗಳ ಮೇಲೆ ಕೈಯಾಡಿಸಿ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಬೆರಳಾಡಿಸದೆ, ಮನಸ್ಸಿನಲ್ಲಿ ಮಾತ್ರ ನುಡಿಸಿತು. ಆ ಬೆರಳುಗಳನ್ನು ಆಡಿಸುವ ಮೆದುಳಿನ ಭಾಗ ಎರಡೂ ಗುಂಪಿನವರಲ್ಲಿ ವಿಸ್ತಾರಗೊಂಡಿತ್ತು! ಆದರೆ ನುಡಿಸಲು ಕೂರಿಸಿದಾಗ, ಕೈಯಾಡಿಸಿದವರು ಮೂರನೆಯ ದಿನ ಮುಟ್ಟಿದ ಮಟ್ಟಕ್ಕೆ ಮನಸ್ಸಿನಲ್ಲಿ ನುಡಿಸಿದವರು ಐದನೆಯ ದಿನ ಬಂದಿದ್ದರು. ಅವರಿಗೂ ಒಮ್ಮೆ, ಎರಡು ಗಂಟೆ ಮಾತ್ರ, ವಾದ್ಯದ ಮೇಲೆ ಅಭ್ಯಾಸ ಮಾಡಲು ಬಿಟ್ಟರು. ಆಗ ಅವರು ಐದು ದಿನ ಕೈಯಾಡಿಸಿದವರ ಸಮಕ್ಕೆ ಬಂದರು.

ದೊಡ್ಡ ಕಲಾವಿದರಿಗೂ ಈ ದಾರಿ ತಿಳಿದಿತ್ತು. ಜರ್ಮನಿಯ ಗುರು ಕಾರ್ಲ್ ಲೈಮರ್ ಮತ್ತು ಅವರ ಶಿಷ್ಯ ವಾಲ್ಟರ್ ಗೀಸೆಕಿಂಗ್, ಸ್ವರಲಿಪಿಯನ್ನು ಓದಿ ಮನಸ್ಸಿನಲ್ಲಿ ಇಳಿಸಿಕೊಂಡ ಮೇಲೆಯೇ ಪಿಯಾನೊ ಮುಂದೆ ಕೂರುವ ಪದ್ಧತಿಯನ್ನು ಬೋಧಿಸಿದರು. 1958ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ ಚೀನಾದ ಲಿಯು ಶಿಕುನ್ ಅವರನ್ನು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿಟ್ಟರು. ಅಲ್ಲಿ ಪಿಯಾನೊ ಇರಲಿಲ್ಲ. ಅವರು ತಲೆಯೊಳಗೇ ನುಡಿಸುತ್ತ ದಿನ ಕಳೆದರು. ಬಿಡುಗಡೆಯಾದ ಮೇಲೆ ಮತ್ತೆ ವೇದಿಕೆ ಏರಿದರು.

ಮಕ್ಕಳೇ, ನೀವು ಹೀಗೆ ಮಾಡಬಹುದು. ಭಾನುವಾರದ ಹಾಡಿನ ಸ್ವರಗಳನ್ನು ಒಂದು ನೋಟ್‌ಬುಕ್ಕಿಗೆ ನಿಮ್ಮ ಕೈಯಿಂದಲೇ ಬರೆದುಕೊಳ್ಳಿ. ದಿನಕ್ಕೆ ಹತ್ತು ನಿಮಿಷ, ಒಂದೆರಡು ಸಾಲು ಸಾಕು. ಕಣ್ಣು ಮುಚ್ಚಿ ಮೊದಲು ಬಲಗೈ: ಯಾವ ಕೀ, ಯಾವ ಬೆರಳು ಎಂದು ನೋಡಿಕೊಳ್ಳಿ. ಹೆಬ್ಬೆರಳು 1, ಕಿರುಬೆರಳು 5. ಸ್ವರದ ನಾದವೂ ಮನಸ್ಸಿಗೆ ಕೇಳಬೇಕು. ಆಮೇಲೆ ಎಡಗೈ, ಕೊನೆಗೆ ಎರಡೂ ಕೈ ನಿಧಾನವಾಗಿ. ಎಲ್ಲಿ ಚಿತ್ರ ಮಸುಕಾಗಿ ನಿಂತುಹೋಗುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ನಿಮಗೆ ಇನ್ನೂ ಬಾರದ ಜಾಗ ಅದೇ. ವಾದ್ಯದ ಮುಂದೆ ಬೆರಳು ರೂಢಿಯ ಬಲದಿಂದ ಓಡಿ ನಮ್ಮನ್ನು ಮೋಸಗೊಳಿಸಬಹುದು. ಮನಸ್ಸಿನೊಳಗೆ ಆ ಮೋಸ ನಡೆಯದು. ಬೇಕಾದರೆ ರಟ್ಟಿನ ಮೇಲೆ ಕೀಗಳ ಚಿತ್ರ ಬರೆದುಕೊಳ್ಳಿ. ಒಂದು ಸಪ್ತಕಕ್ಕೆ 7 ಬಿಳಿ, 5 ಕಪ್ಪು. ಬಿಳಿ ಕೀಯ ಅಗಲ ಸುಮಾರು 23 ಮಿಲಿಮೀಟರ್. ಹಾಸನದ ಬಸ್ಸಿನ ಕಿಟಕಿಯ ಪಕ್ಕ ಕೂತಾಗಲೂ, ಕರೆಂಟಿಲ್ಲದ ರಾತ್ರಿಯಲ್ಲೂ ಈ ಅಭ್ಯಾಸ ನಡೆಯುತ್ತದೆ. ವಾದ್ಯ ಸಿಕ್ಕ ದಿನ ಮೊದಲು ಗುರುತು ಹಾಕಿದ ಜಾಗಗಳನ್ನೇ ನುಡಿಸಿ.

ಒಳಗಿಳಿದದ್ದನ್ನು ಯಾರೂ ಕಿತ್ತುಕೊಳ್ಳಲಾರರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ ಹಿನ್ನೀರಿನ ಪಾಲಾಯಿತು. ಅಣೆಕಟ್ಟು ತುಂಬಿದಾಗ ಅದರ ಪಾಳುಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ಊರು ಬಿಟ್ಟವರಿಗೆ ಆ ಗೋಡೆಗಳನ್ನು ಹೊತ್ತೊಯ್ಯಲಾಗಲಿಲ್ಲ. ಬಾಯಿಪಾಠವಾಗಿದ್ದ ಜಪಗಳನ್ನೂ ಹಾಡುಗಳನ್ನೂ ಹೊತ್ತೊಯ್ಯಲು ಗಾಡಿ ಬೇಕಾಗಲಿಲ್ಲ. ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬ ನವೆಂಬರ್ 22. ತಮ್ಮ ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಅವರು ತಮ್ಮ ಹೃದಯದೊಳಗೇ ದೇವರಿಗೆ ಹಾಡುತ್ತಿದ್ದರೆಂದು ಅವರ ಹಳೆಯ ಚರಿತ್ರೆ ಹೇಳುತ್ತದೆ. ಆ ಮೌನದ ಹಾಡಿನಿಂದಲೇ ಅವರು ಸಂಗೀತಗಾರರಿಗೆ ತಾಯಿಯಾದರು.

ಇಷ್ಟು ಕೇಳಿ ಹಿರಿಯರು ನಿಶ್ಚಿಂತರಾಗಿಬಿಡಬಾರದು. "ಹಾಗಾದರೆ ವಾದ್ಯವೇ ಬೇಡ, ಮಗು ಮನಸ್ಸಿನಲ್ಲೇ ನುಡಿಸಿಕೊಳ್ಳಲಿ" ಎಂದರೆ ಅದು ಅನ್ಯಾಯ. ಆ ಅಧ್ಯಯನದ ಕೊನೆಯ ಎರಡು ಗಂಟೆಗಳನ್ನು ಮರೆಯಬೇಡಿ. ಮನಸ್ಸು ಹದ ಮಾಡಿದ ನೆಲದಲ್ಲಿ ಬೆಳೆ ಎದ್ದದ್ದು ಕೈಗೆ ವಾದ್ಯ ಸಿಕ್ಕಾಗಲೇ. 2020ರ ಲಾಕ್‌ಡೌನ್ ಕಾಲವನ್ನು ನೆನೆಯಿರಿ. ದೇವಾಲಯಗಳು ಮುಚ್ಚಿದ್ದಾಗ ನಾವು ಮನೆಯಲ್ಲೇ ಕೂತು, ಆತ್ಮದಲ್ಲಿ ಪರಮಪ್ರಸಾದ ಸ್ವೀಕರಿಸುವ ಪ್ರಾರ್ಥನೆ ಹೇಳಿದೆವು. ಅದು ಸುಳ್ಳು ಸಮಾಧಾನವಾಗಿರಲಿಲ್ಲ. ಆ ಹಂಬಲವೇ ನಮ್ಮನ್ನು ಕಾಪಾಡಿತು. ಆದರೆ ಬಾಗಿಲು ತೆರೆದ ಮೇಲೆ ಇಷ್ಟೇ ಸಾಕು ಎಂದು ಮನೆಯಲ್ಲೇ ಉಳಿಯಲು ಧರ್ಮಸಭೆ ಹೇಳಲಿಲ್ಲ. ಹಂಬಲ ಇರುವುದು ಪೀಠದ ಬಳಿಗೆ ನಮ್ಮನ್ನು ಕರೆತರುವುದಕ್ಕೆ.

ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ತಲಾಂತುಗಳ ಸಾಮತಿಯಿದೆ. ಅದನ್ನು ನಾವು ಸಾಮಾನ್ಯವಾಗಿ ಮಕ್ಕಳಿಗೇ ಹೇಳುತ್ತೇವೆ: ದೇವರು ಕೊಟ್ಟ ವರವನ್ನು ಹೂತಿಡಬೇಡಿ ಎಂದು. ಒಮ್ಮೆ ನಮ್ಮ ಕಡೆಗೂ ತಿರುಗಿಸಿ ಓದೋಣ. ಆ ಮೂರನೆಯ ಆಳು ಕಳ್ಳನಲ್ಲ, ದುಂದುಗಾರನೂ ಅಲ್ಲ. ಕಳೆದುಹೋದೀತೆಂಬ ಭಯದಿಂದ ಹಣವನ್ನು ಜೋಪಾನವಾಗಿ ನೆಲದಲ್ಲಿ ಹೂತಿಟ್ಟವನು. ಮಕ್ಕಳು ಮುಟ್ಟಿದರೆ ಹಾಳಾದೀತೆಂದು ಆರು ದಿನ ಕೀಬೋರ್ಡಿಗೆ ಬೀಗ ಹಾಕುವ ನಮಗೂ ಅವನಿಗೂ ಎಷ್ಟು ವ್ಯತ್ಯಾಸ? ಗಾನವೃಂದದ ಕೀಬೋರ್ಡನ್ನು ಕೊಂಡದ್ದು ಭಕ್ತರ ಕಾಣಿಕೆಯಿಂದ. ಅದು ಹಾಳಾದರೆ ರಿಪೇರಿ ಮಾಡಿಸಬಹುದು. ಹನ್ನೆರಡು ವರ್ಷದ ಮಗುವಿನ ಉತ್ಸಾಹ ಒಮ್ಮೆ ಬತ್ತಿದರೆ ಅದನ್ನು ರಿಪೇರಿ ಮಾಡುವ ಅಂಗಡಿ ಹಾಸನದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ.

ಪಾಲನಾ ಮಂಡಳಿಯವರೇ, ಗಾನವೃಂದದ ಹಿರಿಯರೇ, ಶನಿವಾರ ಎರಡು ಗಂಟೆ ಆ ಬೀಗ ತೆರೆಯಿರಿ. ದೊಡ್ಡವರೊಬ್ಬರು ಜೊತೆಗಿರಲಿ, ಬಾಗಿಲು ತೆರೆದಿರಲಿ. ಜಪಕ್ಕೆ ಬಂದವರಿಗೆ ತೊಂದರೆಯೆನಿಸಿದರೆ ಹೆಡ್‌ಫೋನ್ ಸಿಕ್ಕಿಸಿದರಾಯಿತು. ನಾಲ್ಕು ಮಕ್ಕಳಿದ್ದರೆ ತಲಾ ಅರ್ಧ ಗಂಟೆ ಬಂದೀತು. ವಾರವಿಡೀ ಮನಸ್ಸಿನಲ್ಲಿ ನುಡಿಸಿ ಬಂದ ಮಗುವಿಗೆ ಆ ಅರ್ಧ ಗಂಟೆ ಚಿಕ್ಕದಲ್ಲ.

ತಾಯ್ತಂದೆಯರೇ, ನಿಮ್ಮ ಮಗು ಊಟದ ಹೊತ್ತಿನಲ್ಲಿ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರೆ ಗದರಬೇಡಿ. ಅದು ದೇವರಿಗಾಗಿ ಹಾಡೊಂದನ್ನು ಸಿದ್ಧಪಡಿಸುತ್ತಿರಬಹುದು. ಬಾಯಿಗೆ ಬರುವ ಮೊದಲೇ ನಮ್ಮ ಮಾತನ್ನು ಅರಿಯುವ ತಂದೆ, ಕಿವಿಗೆ ಕೇಳದ ಆ ಹಾಡನ್ನೂ ಸ್ವೀಕರಿಸಲಿ. ಅದು ಎಲ್ಲರಿಗೂ ಕೇಳುವಂತೆ ಮಾಡುವ ಔದಾರ್ಯವನ್ನು ನಮಗೆ ಕೊಡಲಿ. ಆಮೆನ್.