ಬದಲಿ ಬರದ ಪಾಳಿ

ನಮ್ಮೂರಲ್ಲಿ ಅವರನ್ನ ಎಲ್ಲರೂ ಮಿಲ್ಟ್ರಿ ಮಾವ ಅಂತಲೇ ಕರೆಯೋದು. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಗುಡ್ಡಗಾಡಿನ ರಸ್ತೆಯಲ್ಲಿ ಸೇನೆಯ ಲಾರಿ ಉರುಳಿ, ಕುತ್ತಿಗೆಯ ಹತ್ತಿರ ಅವರ ಬೆನ್ನುಹುರಿಗೆ ಪೆಟ್ಟಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಊರಿಗೆ ಬಂದಾಗ ಶಾಲೆಯ ಅಂಗಳದಲ್ಲಿ ಸನ್ಮಾನ ಮಾಡಿದೆವು. ಮಾವನಿಗೆ ಶಾಲು, ಹಾರ. ಅತ್ತೆಗೆ ಅರಿಶಿನ ಕುಂಕುಮ, ಒಂದು ರವಿಕೆ ಕಣ. ಭಾಷಣ ಮಾಡಿದವರೊಬ್ಬರು, "ಇಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿರ್ಬೇಕು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಎಲ್ಲರೂ ಮನೆಗೆ ಹೋದೆವು. ಅತ್ತೆಯ ಕೆಲಸ ಶುರುವಾಗಿದ್ದು ಆಮೇಲೆ.

ಆ ಕೆಲಸ ಏನು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಅತ್ತೆಯ ತಮ್ಮನ ಮಗಳ ಮದುವೆ. ಎರಡು ರಾತ್ರಿ ಮಾವನ ಜೊತೆ ನಾನಿರ್ತೀನಿ, ನೀವು ಹೋಗಿಬನ್ನಿ ಅಂದೆ. ಹೊರಡುವ ಮುಂಚೆ ಅತ್ತೆ ಅರ್ಧ ದಿನ ಪಾಠ ಮಾಡಿದರು. ಪೆಟ್ಟಾದ ಜಾಗದಿಂದ ಕೆಳಗೆ ಮೈಗೆ ಸ್ಪರ್ಶ ತಿಳಿಯೋದಿಲ್ಲ. ನಾವು ನಿದ್ದೆಯಲ್ಲಿ ನೋವಾದರೆ ಮಗ್ಗುಲು ಬದಲಿಸ್ತೀವಲ್ಲ, ಅವರಿಗೆ ಅದು ಆಗಲ್ಲ. ಎರಡು ಗಂಟೆಗೊಮ್ಮೆ ಬೇರೆಯವರು ಹೊರಳಿಸಬೇಕು, ಇಲ್ಲದಿದ್ದರೆ ಹುಣ್ಣಾಗಿ ಎಲುಬಿನ ತನಕ ಹೋಗಬಹುದು. ಮೂತ್ರದ ಪೈಪು ಎಲ್ಲಾದರೂ ಮಡಚಿ ಕಟ್ಟಿಕೊಂಡರೆ ಬಿಪಿ ಸರ್ರನೆ ಏರಿ ಜೀವಕ್ಕೇ ಅಪಾಯ. ಬೆಳಿಗ್ಗೆ ಹೊಟ್ಟೆ ಖಾಲಿ ಮಾಡಿಸೋಕೆ ಒಂದು ಗಂಟೆ ಬೇಕು, ಕೈಗೆ ಗ್ಲೌಸ್ ಹಾಕಿಕೊಂಡು.

ಮೊದಲ ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಫೋನಲ್ಲಿ ಅಲಾರಂ ಇಟ್ಟೆ. ಆಫೀಸಿನಲ್ಲಿ ನನಗೂ ಆನ್‌ಕಾಲ್ ಇದೆ. ರಾತ್ರಿ ಸರ್ವರ್ ಕೈಕೊಟ್ಟರೆ ಏಳಬೇಕು. ಅದಕ್ಕೇ ಒಂದು ವಾರ ಗೊಣಗ್ತೀನಿ. ಆದರೆ ವಾರ ಮುಗಿದರೆ ಇನ್ನೊಬ್ಬ ಬರ್ತಾನೆ. ನಾನು ಏಳದಿದ್ದರೂ ಇನ್ನೊಬ್ಬನಿಗೆ ಕರೆ ಹೋಗುತ್ತೆ.

ಎರಡು ಗಂಟೆಗೆ ಹೊರಳಿಸುವಾಗ ಮಾವ ಎಚ್ಚರವಾಗೇ ಇದ್ದರು. "ಗಡೀಲಿ ಸೆಂಟ್ರಿ ಡ್ಯೂಟಿನೂ ಹಿಂಗೇ ಕಣೋ, ಎರಡೆರಡು ಗಂಟೆ. ಆದ್ರೆ ಅಲ್ಲಿ ಟೈಮಿಗೆ ಸರಿಯಾಗಿ ಬದಲಿ ಬರೋನು. ನಿಮ್ಮತ್ತೆಗೆ ಬದಲಿನೇ ಇಲ್ಲ" ಅಂದರು. ಮುಖ ಆ ಕಡೆ ಇತ್ತು. ನಾನೇ ಆ ಕಡೆ ತಿರುಗಿಸಿದ್ದು.

ಮದುವೆಯಿಂದ ಬಂದ ಅತ್ತೆ ಮೊದಲು ನೋಡಿದ್ದು ಮಾವನ ಬೆನ್ನನ್ನ. ಕೆಂಪಾಗಿರಲಿಲ್ಲ. ಆಮೇಲೆ ಮೆಲ್ಲಗೆ, "ಮದ್ವೆ ಮನೇಲಿ ರಾತ್ರಿಯೆಲ್ಲ ನಿದ್ದೆ ಬಂತು ಕಣಪ್ಪ" ಅಂದರು, ತಪ್ಪು ಒಪ್ಪಿಕೊಳ್ಳೋ ಹಾಗೆ.

ನನಗೆ ಕಾಡಿದ್ದು ಅದು. ನಿದ್ದೆ ಬಂದಿದ್ದು ತಪ್ಪು ಅಂತ ಅವರಿಗೆ ಕಲಿಸಿದ್ದು ಯಾರು? ನಾವೇ, ಚಪ್ಪಾಳೆ ತಟ್ಟಿದವರು. ಒಬ್ಬರನ್ನ ತ್ಯಾಗಮಯಿ ಅಂತ ಕೂರಿಸಿಬಿಟ್ಟರೆ, ಆಮೇಲೆ "ಸೊಂಟ ನೋಯುತ್ತೆ" ಅಂತ ಹೇಳೋದಕ್ಕೂ ಅವರು ಹೆದರಬೇಕಾಗುತ್ತೆ. ಸಾವಿತ್ರಿ ಯಮನಿಂದ ಗಂಡನನ್ನ ಬಿಡಿಸಿಕೊಂಡು ಬಂದಳು, ಸತ್ಯವಾನ ಎದ್ದು ಕೂತ, ಕತೆ ಮುಗಿಯಿತು. ಅವನು ಜೀವ ಪಡೆದೂ ಏಳಲಾಗದೆ ಇದ್ದಿದ್ದರೆ? ಆಮೇಲಿನ ಮೂವತ್ತು ವರ್ಷಕ್ಕೆ ನಮ್ಮಲ್ಲಿ ಕತೆ ಇಲ್ಲ.

ನಮ್ಮಮ್ಮ ಕೇಳ್ತಾರೆ, "ಹೆಂಡ್ತಿ ಅಲ್ವೇನೋ, ಪ್ರೀತಿಯಿಂದ ಮಾಡ್ತಾಳೆ. ಅದಕ್ಕೂ ರಜೆನಾ?" ಅತ್ತೆಯ ಪ್ರೀತಿಯನ್ನ ಅನುಮಾನಿಸೋ ಹಕ್ಕು ನನಗಿಲ್ಲ. ಅವರನ್ನ 'ಪಾಪ' ಅನ್ನೋದೂ ಅವಮಾನವೇ. ಮಾವನನ್ನ 'ಹೊರೆ' ಅನ್ನೋದು ಇನ್ನೂ ದೊಡ್ಡ ಅವಮಾನ. ಆದರೆ ಅವರು ಯಾಕೆ ಮಾಡ್ತಾರೆ ಅನ್ನೋದಕ್ಕೆ ಪ್ರೀತಿ ಉತ್ತರ. ಅವರೊಬ್ಬರೇ ಯಾಕೆ ಮಾಡಬೇಕು ಅನ್ನೋದಕ್ಕೆ ಅದು ಉತ್ತರ ಅಲ್ಲ. ಎರಡು ಪ್ರಶ್ನೆಗೆ ಒಂದೇ ಉತ್ತರ ಕೊಟ್ಟು ನಾವೆಲ್ಲ ಜಾರಿಕೊಂಡಿದ್ದೀವಿ.

ಮಾವ ಪೆಟ್ಟು ತಿಂದಿದ್ದು ದೇಶದ ಕೆಲಸದಲ್ಲಿ. ಹಾಗಾಗಿ ಇದು ಬರೀ ಗಂಡ ಹೆಂಡತಿ ವಿಷಯ ಅಲ್ಲ, ದೇಶದ ಋಣ. ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಇಂಥ ಸೈನಿಕರಿಗಾಗಿಯೇ ಪುಣೆಯ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರ ಇದೆ, ಮೊಹಾಲಿಯಲ್ಲೂ ಇದೆ. ನೂರಕ್ಕೆ ನೂರು ಅಂಗವೈಕಲ್ಯ ಇದ್ದು ಸದಾ ಜೊತೆಗೊಬ್ಬರು ಬೇಕಾದವರಿಗೆ ಪಿಂಚಣಿಯ ಜೊತೆ ಸಹಾಯಕರ ಭತ್ಯೆ ಉಂಟು. ಆದರೆ ಅದು ಬರೋದು ಸೈನಿಕನ ಹೆಸರಿಗೆ. ಅಮೆರಿಕದಲ್ಲಿ 2010ರಲ್ಲಿ ಆದ ಕಾನೂನು ಆರೈಕೆ ಮಾಡುವವರನ್ನೇ ಎಣಿಕೆಗೆ ತಗೊಂಡಿತು. ಅರ್ಹರಾದವರಿಗೆ ತಿಂಗಳ ಹಣ, ತರಬೇತಿ, ಮನಸ್ಸಿಗೆ ಆಪ್ತಸಮಾಲೋಚನೆ, ವರ್ಷಕ್ಕೆ ಕಡೇಪಕ್ಷ 30 ದಿನ ಬಿಡುವು. ಬಿಡುವು ಅಂದರೆ ಬೇರೇನೂ ಅಲ್ಲ, ಮಾವ ಹೇಳಿದ ಬದಲಿ.

ಮನೆ ನರ್ಸ್ ಇಡೋಣ ಅಂದಾಗ ಮೊದಲು ಬೇಡ ಅಂದಿದ್ದು ಮಾವನೇ, ನಾಚಿಕೆಯಿಂದ. ಅವರ ಮೈ, ಅವರ ನಾಚಿಕೆ, ಅದನ್ನ ಗೌರವಿಸಬೇಕು. ಆದರೆ ಆ ನಾಚಿಕೆಯ ಬೆಲೆಯನ್ನ ಅತ್ತೆಯ ನಿದ್ದೆ ತೆರುತ್ತಾ ಇತ್ತು. ಆ ಎರಡು ರಾತ್ರಿ ಆದಮೇಲೆ ಮಾವ ತಾವಾಗೇ, "ಇವನ ಕೈ ಆಗುತ್ತೆ" ಅಂದರು.

ಈಗ ತಿಂಗಳಿಗೊಂದು ಶನಿವಾರ ಊರಿಗೆ ಹೋಗ್ತೀನಿ. ದೊಡ್ಡ ಉಪಕಾರ ಏನಲ್ಲ, ಮೂವತ್ತರಲ್ಲಿ ಒಂದು ರಾತ್ರಿ. ಉಳಿದ ಇಪ್ಪತ್ತೊಂಬತ್ತು ಇನ್ನೂ ಅತ್ತೆಯದೇ. ನಿಮ್ಮೂರಲ್ಲೂ ಇಂಥದೊಂದು ಮನೆ ಇದ್ದರೆ, ಮುಂದಿನ ಸಲ ಹೋದಾಗ "ಅವರು ಹೇಗಿದ್ದಾರೆ" ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ನೀವು ಯಾವತ್ತು ಮಲಗ್ತೀರಿ? ಅವತ್ತು ನಾನು ಬರ್ತೀನಿ."